ಟಿವಿಯ ಹಿಂದಿನ ಹಲ್ಲಿ

ವಾಸಂತಿ ಒಬ್ಬಳೇ ಇದ್ದ ಮನೆಯಲ್ಲಿ ಟಿವಿಯ ಹಿಂದೆ ಒಂದು ಹಲ್ಲಿ ವಾಸವಾಗಿತ್ತು. ಅವಳು ನೋಡುತ್ತಿದ್ದದ್ದು ಅಮೆರಿಕದ ಹಾಸ್ಯ ಧಾರಾವಾಹಿಗಳನ್ನು. ಮಾತುಮಾತಿಗೂ ಟಿವಿಯೊಳಗಿಂದ ಉಕ್ಕುವ ನಗುವನ್ನು ಕೇಳಿ ಕೇಳಿ, ಇದು ಜನ ತುಂಬಿದ ಮನೆಯೆಂದೇ ಹಲ್ಲಿ ನಂಬಿತ್ತು.

ಒಂದು ಸಂಜೆ ಪಕ್ಕದ ಮನೆಯ ಹಲ್ಲಿ ಬಂತು. ಅಲ್ಲಿಯ ಯಜಮಾನನಿಗೆ ಬ್ರಿಟಿಷ್ ಧಾರಾವಾಹಿಗಳ ಹುಚ್ಚು.

"ನಿಮ್ಮವು ಆರೇ ಕಂತಿಗೆ ಮುಗಿದುಹೋಗುತ್ತವಂತೆ, ಪಾಪ," ಎಂದಿತು ವಾಸಂತಿಯ ಮನೆಯ ಹಲ್ಲಿ. "ನಮ್ಮವು ವರ್ಷಗಟ್ಟಲೆ ನಡೆಯುತ್ತವೆ. ಎಷ್ಟು ಜನ ನಗುತ್ತಾರೆ, ಕೇಳು!"

"ಕೇಳಿದೆ. ಆದರೆ ನಿನ್ನ ಒಡತಿ ನಗುತ್ತಿಲ್ಲವಲ್ಲ?"

ಹಲ್ಲಿ ಮೊದಲ ಬಾರಿಗೆ ಮುಂದೆ ಇಣುಕಿತು. ಟಿವಿ ಗೊಳ್ಳೆಂದು ನಗುತ್ತಿತ್ತು. ವಾಸಂತಿಯ ಮುಖ ಬಾಡಿತ್ತು.

"ನಿಮ್ಮ ಯಜಮಾನ ನಗುತ್ತಾನೆಯೆ?"

"ಅವನೂ ನಗುವುದಿಲ್ಲ. ಆದರೆ ನಮ್ಮ ಧಾರಾವಾಹಿಗಳಲ್ಲಿ ನಡುನಡುವೆ ಯಾರೂ ಮಾತಾಡದ ಹೊತ್ತಿರುತ್ತದೆ. ಆಗ ನಾನು ಲೊಚಗುಟ್ಟಿದರೆ ಅವನಿಗೆ ಕೇಳಿಸುತ್ತದೆ."

ಅತಿಥಿ ಹೊರಟುಹೋಯಿತು. ಹಲ್ಲಿ ಕಂತು ಮುಗಿಯುವವರೆಗೆ ಕಾದು, ಎದುರಿನ ಗೋಡೆಗೆ ಬಂದು ಲೊಚಗುಟ್ಟಿತು. ವಾಸಂತಿ ತಲೆಯೆತ್ತಿ ನೋಡಿದಳು. ಕುರ್ಚಿಯ ಕೈಯನ್ನು ಬೆರಳಿನಿಂದ ತಟ್ಟಿ, "ಕೃಷ್ಣ ಕೃಷ್ಣ" ಎಂದಳು.

ಆ ಮನೆಯಲ್ಲಿ ಅವಳ ದನಿಯನ್ನು ಹಲ್ಲಿ ಕೇಳಿದ್ದು ಅದೇ ಮೊದಲು.