ಕರಿಜೂಲನ ಕುತ್ತಿಗೆಯ ಮುಳ್ಳು

ಎರಡು ಹಳ್ಳಗಳು ಬಂದು ಸೇರುವ ಕಡೆ ಒಂದು ಬೋಳುಗುಡ್ಡ. ಗುಡ್ಡದ ಸುತ್ತ ಆಳೆತ್ತರದ ಹುಲ್ಲು, ಹುಲ್ಲಿನಾಚೆ ಜಾಲಿ ಮರಗಳ ಕಾಡು. ಆ ಗುಡ್ಡದ ಮೇಲೆ ಇಬ್ಬರು ಗಂಡು ಸಿಂಹಗಳಿದ್ದರು ಮಕ್ಕಳೇ. ಒಬ್ಬ ಕರಿಜೂಲ, ಇನ್ನೊಬ್ಬ ಮೊಂಡುಬಾಲ. ಕರಿಜೂಲನಿಗೆ ಕೆನ್ನೆಯಿಂದ ಎದೆಯವರೆಗೂ ದಟ್ಟವಾದ ಕಪ್ಪು ಜೂಲು. ಮೊಂಡುಬಾಲನಿಗೆ ಅರ್ಧ ಬಾಲ. ಉಳಿದರ್ಧವನ್ನು ಮರಿಯಾಗಿದ್ದಾಗ ಕತ್ತೆಕಿರುಬ ಕಚ್ಚಿಕೊಂಡು ಹೋಗಿತ್ತು. ಹೆಸರಿಟ್ಟವರಿಗೆ ಹೆಚ್ಚು ಕಷ್ಟವಾಗಲಿಲ್ಲ ಅನ್ನಿ.

ಅವರು ಒಡಹುಟ್ಟಿದವರಲ್ಲ. ಗಂಡು ಮರಿ ಬಲಿಯುತ್ತಿದ್ದಂತೆ ಸಿಂಹಗಳು ಅದನ್ನು ಗುಂಪಿನಿಂದ ಆಚೆ ಅಟ್ಟುತ್ತವೆ. ಹಾಗೆ ಅಟ್ಟಿಸಿಕೊಂಡ ಇಬ್ಬರೂ ಒಂದು ಸತ್ತ ಎಮ್ಮೆಯ ಹತ್ತಿರ ಎದುರುಬದುರಾದರು. ಜಗಳವಾಡುವಷ್ಟು ಕಸುವು ಇಬ್ಬರಿಗೂ ಇರಲಿಲ್ಲ, ಹಾಗಾಗಿ ಹಂಚಿಕೊಂಡು ತಿಂದರು. ತಿಂದ ಮೇಲೆ ಅಲ್ಲೇ ಒತ್ತಾಗಿ ಮಲಗಿದರು. ಅಲ್ಲಿಂದ ಶುರುವಾದ ಜೊತೆ. ಗುಡ್ಡದ ಹಳೆಯ ಯಜಮಾನನನ್ನು ಓಡಿಸಿದ್ದೂ ಇಬ್ಬರು ಸೇರಿಯೇ. ಒಬ್ಬೊಬ್ಬರೇ ಹೋಗಿದ್ದರೆ ಅವನು ಇಬ್ಬರನ್ನೂ ಸಿಗಿದು ಹಾಕುತ್ತಿದ್ದ.

ಅವರದೊಂದು ಪದ್ಧತಿಯಿತ್ತು. ಹೊತ್ತು ಮುಳುಗುವ ಮುಂಚೆ ಇಬ್ಬರೂ ನೆತ್ತಿಯ ಬಂಡೆ ಹತ್ತಿ ಗರ್ಜಿಸುವುದು. ಮೊದಲು ಕರಿಜೂಲ ಎತ್ತಿಕೊಳ್ಳುತ್ತಿದ್ದ. ಅವನು ಉಸಿರು ತೆಗೆದುಕೊಳ್ಳುವ ಹೊತ್ತಿಗೆ ಸರಿಯಾಗಿ ಮೊಂಡುಬಾಲನ ದನಿ ಏಳುತ್ತಿತ್ತು. ನಡುವೆ ಒಂದು ಸೊಳ್ಳೆ ನುಸುಳುವಷ್ಟೂ ಸಂದು ಇರುತ್ತಿರಲಿಲ್ಲ. ದೂರದಿಂದ ಕೇಳಿದವರಿಗೆ ಅಲ್ಲಿ ಇಬ್ಬರಿದ್ದಾರೋ ಐವರಿದ್ದಾರೋ ತಿಳಿಯುತ್ತಿರಲಿಲ್ಲ. ಆಮೇಲೆ ತಲೆಗೆ ತಲೆ ಉಜ್ಜಿಕೊಂಡು, ಒಬ್ಬರ ಕುತ್ತಿಗೆಯನ್ನು ಇನ್ನೊಬ್ಬರು ನೆಕ್ಕುತ್ತಿದ್ದರು. ಸಿಂಹದ ನಾಲಿಗೆ ಎಷ್ಟು ಉದ್ದವಿದ್ದರೇನು, ತನ್ನ ಕುತ್ತಿಗೆ ತನಗೆ ಎಟುಕುವುದಿಲ್ಲ ನೋಡಿ. ಅಲ್ಲಿಯ ಉಣ್ಣಿ, ಗೀರು, ಗಾಯ ಎಲ್ಲ ಜೊತೆಗಾರನ ಪಾಲಿನ ಕೆಲಸ.

ಆ ಗರ್ಜನೆಯನ್ನು ನಂಬಿಕೊಂಡು ಗುಡ್ಡದ ಬುಡದಲ್ಲಿ ಹೆಣ್ಣು ಸಿಂಹಗಳು ಮರಿ ಸಾಕುತ್ತಿದ್ದವು. ಅವರಲ್ಲಿ ಹಿರಿಯಳು ಕೆಂಚಕ್ಕ. ಹಳ್ಳದಾಚೆ ಮೂವರು ಅಣ್ಣತಮ್ಮ ಸಿಂಹಗಳು ಈ ಗುಡ್ಡದ ಮೇಲೆ ಕಣ್ಣಿಟ್ಟು ಕೂತಿದ್ದರು. ಸಿಂಹಗಳಲ್ಲಿ ಒಂದು ಕೆಟ್ಟ ರೀತಿಯಿದೆ, ಹೇಳಿಬಿಡುತ್ತೇನೆ. ಹೊಸ ಗಂಡುಗಳು ಬಂದು ಗುಡ್ಡ ಹಿಡಿದರೆ ಹಳಬರ ಮರಿಗಳನ್ನು ಉಳಿಸುವುದಿಲ್ಲ. ಇದು ಕರಿಜೂಲನಿಗೂ ಚೆನ್ನಾಗಿ ಗೊತ್ತಿತ್ತು.

ಎಲ್ಲ ಸರಿಯಿತ್ತು, ಅವನ ಜಂಬವೊಂದನ್ನು ಬಿಟ್ಟು. ಹಳ್ಳಕ್ಕೆ ನೀರು ಕುಡಿಯಲು ಹೋದರೆ ಕುಡಿಯುವುದಕ್ಕಿಂತ ನೀರಿನಲ್ಲಿ ತನ್ನ ಜೂಲು ನೋಡಿಕೊಳ್ಳುವುದೇ ಹೆಚ್ಚು. ಹಿಂದಿನ ಬೇಸಿಗೆಯಲ್ಲಿ ಒಂದು ಕಡವೆ ಒದ್ದು ಮೊಂಡುಬಾಲನ ಮುಂಗಾಲು ಊದಿಕೊಂಡಾಗ ಕರಿಜೂಲ ಏನು ಮಾಡಿದ ಗೊತ್ತೇ? ಹೆಣ್ಣು ಸಿಂಹಗಳೆಲ್ಲ ಕೂತಿರುವಾಗ ಅವನ ಹಿಂದೆ ಹಿಂದೆ ತಾನೂ ಕುಂಟುತ್ತ ಹೋಗಿ ನಗಿಸಿದ. ಊಟಕ್ಕೆ ಕರೆಯುವಾಗಲೂ 'ಕುಂಟಪ್ಪನವರು ಬರಬೇಕು' ಅನ್ನುವುದು. ಮೊಂಡುಬಾಲ ಸುಮ್ಮನೆ ನಕ್ಕು ಬಿಟ್ಟುಬಿಟ್ಟ. ಕಾಲಿನ ಊತ ಇಳಿಯಿತು, ಒಂದಿಷ್ಟು ಕುಂಟು ಮಾತ್ರ ಉಳಿಯಿತು. ಆ ನಗೆ ತನಗೇ ತಿರುಗಿ ಬಂದೀತೆಂದು ಕರಿಜೂಲ ಕನಸಿನಲ್ಲೂ ಎಣಿಸಿರಲಿಲ್ಲ.

ಒಂದು ಬೆಳಗ್ಗೆ ಅವನೊಬ್ಬನೇ ಹುಲ್ಲಿನಲ್ಲಿ ಬರುತ್ತಿದ್ದ. ಎದುರಿಗೆ ಒಂದು ಮುಳ್ಳುಹಂದಿ ತನ್ನ ಪಾಡಿಗೆ ಗೆಡ್ಡೆ ಕೆದಕುತ್ತಿತ್ತು. ಹೊಟ್ಟೆ ಹಸಿದಿತ್ತು, ನೋಡುವವರು ಯಾರೂ ಇರಲಿಲ್ಲ. ಮುಳ್ಳುಹಂದಿಯ ಗೋಜಿಗೆ ಹೋಗಬಾರದೆಂದು ಮರಿಗಳಿಗೆಲ್ಲ ಬುದ್ಧಿ ಹೇಳುವ ದೊಡ್ಡ ಮನುಷ್ಯ ತಾನೇ ಅದರ ಮೇಲೆ ಬಿದ್ದ. ಅದು ಸರ್ರನೆ ತಿರುಗಿ ಬೆನ್ನು ಕೊಟ್ಟಿತು. ಒಂದು ಮುಳ್ಳು ಅವನ ದವಡೆಯ ಕೆಳಗೆ, ಕುತ್ತಿಗೆಗೆ, ಆಳವಾಗಿ ನಾಟಿಕೊಂಡಿತು. ಕಾಲಿನಿಂದ ಕೆರೆದುಕೊಂಡರೆ ಅರ್ಧಕ್ಕೆ ಮುರಿದು, ಉಳಿದದ್ದು ಒಳಗೇ ಕೂತಿತು.

ಹಳ್ಳಕ್ಕೆ ಹೋಗಿ ನೀರಿನಲ್ಲಿ ನೋಡಿಕೊಂಡ. ಏನೂ ಕಾಣಲಿಲ್ಲ. ದಟ್ಟವಾದ ಜೂಲು ಎಲ್ಲವನ್ನೂ ಮುಚ್ಚಿಬಿಟ್ಟಿತ್ತು. ಕರಿಜೂಲನಿಗೆ ನೋವಿಗಿಂತ ಮೊದಲು ಸಮಾಧಾನವಾಯಿತು. ಮೊಂಡುಬಾಲನಿಗೆ ಇದು ತಿಳಿದರೆ ತನ್ನನ್ನು ಮುಳ್ಳುಹಂದಿಯ ಅಳಿಯ ಅಂತಲೋ ಏನೋ ಕರೆದು ಗುಡ್ಡವನ್ನೆಲ್ಲ ನಗಿಸುತ್ತಾನೆ ಎಂದುಕೊಂಡ. ತಾನಾಗಿದ್ದರೆ ಹಾಗೆಯೇ ಮಾಡುತ್ತಿದ್ದ ನೋಡಿ, ಅದಕ್ಕೇ ಆ ಭಯ. ಸತ್ತರೂ ಹೇಳಬಾರದೆಂದು ಗಟ್ಟಿ ಮಾಡಿಕೊಂಡ. ಅಷ್ಟು ಗಟ್ಟಿ ಮನಸ್ಸನ್ನು ಒಳ್ಳೆಯ ಕೆಲಸಕ್ಕೆ ಬಳಸಿದ್ದರೆ ನಾನು ಅವನನ್ನು ಹೊಗಳುತ್ತಿದ್ದೆ.

ಅವತ್ತು ಸಂಜೆ ಮೊಂಡುಬಾಲ ತಲೆ ಉಜ್ಜಲು ಬಂದಾಗ ಕರಿಜೂಲ ಪಕ್ಕಕ್ಕೆ ಸರಿದ. ಮರುದಿನವೂ ಸರಿದ. ಕುತ್ತಿಗೆ ಒಳಗೊಳಗೇ ಕೀವಾಗುತ್ತಿತ್ತು. ಬಾಯಿ ಅಗಲಿಸಿದರೆ ಕಿವಿಯವರೆಗೂ ಸೆಳೆತ. ಮೂಳೆ ಕಡಿಯಲು ಆಗುತ್ತಿರಲಿಲ್ಲ, ಮೆತ್ತಗಿನ ಮಾಂಸವನ್ನಷ್ಟೇ ನುಂಗಿ ಎದ್ದುಬಿಡುತ್ತಿದ್ದ. ಹೊಟ್ಟೆ ಬೆನ್ನಿಗೆ ಹತ್ತಿತು, ಪಕ್ಕೆಲುಬು ಕಾಣತೊಡಗಿತು. ಜೂಲು ಮಾತ್ರ ಮೊದಲಿನ ಹಾಗೇ ಗತ್ತಿನಿಂದ ನಿಂತಿತ್ತು. ಇವತ್ತು ಗರ್ಜನೆ ಬೇಡ, ಬೇಜಾರು, ಎಂದು ಸಂಜೆ ಸಂಜೆಯೂ ಏನಾದರೊಂದು ನೆವ ಹೇಳುತ್ತಿದ್ದ.

ಮೊಂಡುಬಾಲ ಕಡೆಗೆ ಕೇಳಿಯೇಬಿಟ್ಟ. "ನಿನಗೆ ಏನಾಗಿದೆ ಮಾರಾಯ? ನನ್ನಿಂದ ಏನಾದರೂ ತಪ್ಪಾಯಿತೇ?"

ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಕರಿಜೂಲನ ಬಾಯಲ್ಲಿ ಬಂದದ್ದೇ ಬೇರೆ.

"ಒಬ್ಬ ಕುಂಟನ ತಲೆಗೆ ತಲೆ ಉಜ್ಜಿ ನನಗೆ ಸಾಕಾಗಿದೆ. ಈ ಗುಡ್ಡಕ್ಕೆ ನಾನೊಬ್ಬ ಸಾಕು."

ಈ ಸಲ ಮೊಂಡುಬಾಲ ನಗಲಿಲ್ಲ. ಬಂಡೆಯಿಂದಿಳಿದು, ಕುಂಟುತ್ತ ಹುಲ್ಲಿನಲ್ಲಿ ಮರೆಯಾದ. ಕೂಗಿ ಕರೆಯಬೇಕೆಂದು ಕರಿಜೂಲನಿಗೆ ಅನ್ನಿಸಿತು. ಬಿಗುಮಾನ ಬಿಡಲಿಲ್ಲ. ಅವನ ಮೇಲೆ ನನಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ.

ಸಾಲದ್ದಕ್ಕೆ ಆ ಸಂಜೆ ಇನ್ನೊಂದು ಎಡವಟ್ಟು ಮಾಡಿಕೊಂಡ. ಒಬ್ಬ ಸಾಕು ಎಂದ ಮೇಲೆ ತೋರಿಸಬೇಕಲ್ಲ, ಬಂಡೆ ಹತ್ತಿ ಒಬ್ಬನೇ ಗರ್ಜಿಸಿದ. ಅರ್ಧಕ್ಕೆ ಬರುವಷ್ಟರಲ್ಲಿ ಗಂಟಲು ಹಿಡಿದುಕೊಂಡು, ಗರ್ಜನೆ ಮುರಿದು ಕೆಮ್ಮಾಯಿತು. ಆಮೇಲೆ ಉಸಿರು ತೆಗೆದುಕೊಂಡ. ಆ ಸಂದಿನಲ್ಲಿ ಎತ್ತಿಕೊಳ್ಳಲು ಯಾವ ದನಿಯೂ ಇರಲಿಲ್ಲ. ಹಳ್ಳದಾಚೆ ಮೂವರೂ ಕಿವಿ ನಿಮಿರಿಸಿ ಎದ್ದು ಕೂತರು. ಗುಡ್ಡದ ಮೇಲೆ ಒಬ್ಬನೇ ಇದ್ದಾನೆ, ಅವನ ಮೈಯೂ ನೆಟ್ಟಗಿಲ್ಲ ಎಂಬ ಸುದ್ದಿಯನ್ನು ಅವನೇ ಅವರ ಮನೆಬಾಗಿಲಿಗೆ ತಲುಪಿಸಿದ್ದ.

ಮಾರನೆಯ ದಿನ ಮಧ್ಯಾಹ್ನ ಅವರ ಗರ್ಜನೆ ಹತ್ತಿರದಿಂದಲೇ ಕೇಳಿತು. ಬಿಸಿಲಿನಲ್ಲಿ ಯಾವ ಸಿಂಹವೂ ಬಾಯಿ ಬಿಡುವುದಿಲ್ಲ. ಯಾರ ಹೆದರಿಕೆಯೂ ಇಲ್ಲದವರು ಮಾತ್ರ ಬಿಡುತ್ತಾರೆ. ಕೆಂಚಕ್ಕ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. ಮೊಂಡುಬಾಲ ಎಲ್ಲಿ ಎಂದು ಕೇಳಿದಳು. ಕರಿಜೂಲ ಮುಖ ತಿರುಗಿಸಿದ. ಆಗ ಅವನ ಕುತ್ತಿಗೆಯ ಒಂದೇ ಜಾಗಕ್ಕೆ ನೊಣಗಳು ಮುತ್ತುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಹತ್ತಿರ ಬಂದು ಮೂಸಿದಳು.

"ಒಳಗೆ ಏನೋ ಕೊಳೆಯುತ್ತಿದೆ ಕಣಪ್ಪ," ಎಂದಳು. "ಅವನಿಗೆ ಹೇಳಲಿಲ್ಲವೇ?"

"ಹೇಳಿದರೆ ನಗುತ್ತಾನೆ, ಕೆಂಚಕ್ಕ."

"ನಗಲಿ. ನನ್ನ ಮರಿಗಳು ಉಳಿಯುತ್ತವಲ್ಲ."

ಕರಿಜೂಲ ಬುಡದ ಕಡೆ ನೋಡಿದ. ಮರಿಗಳು ಒಂದು ಒಣ ಕೊಂಬೆಗೆ ಜಗಳವಾಡುತ್ತಿದ್ದವು. ಅವುಗಳಲ್ಲೊಂದಕ್ಕೆ ಈಗಲೇ ಕುತ್ತಿಗೆಯಲ್ಲಿ ಕಪ್ಪು ಛಾಯೆ ಬರುತ್ತಿತ್ತು. ಮುಳ್ಳು ನಾಟಿದ ದಿನದಿಂದ ತಾನು ಹಲ್ಲು ಕಚ್ಚಿ ಕಾಪಾಡಿದ್ದು ತನ್ನ ಮಾನವನ್ನು ಮಾತ್ರ, ಈ ಮರಿಗಳನ್ನಲ್ಲ ಎಂದು ಆಗ ಹೊಳೆಯಿತು. ಹಾಗೆ ಹೊಳೆದ ಮೇಲೆ ಅವನು ತಡಮಾಡಲಿಲ್ಲ, ಅದೊಂದು ಗುಣ ಅವನಲ್ಲಿತ್ತು. ಎದ್ದು ಗುಡ್ಡವಿಳಿದ. ಕಣ್ಣು ಕತ್ತಲಿಡುತ್ತಿತ್ತು. ಬಿದ್ದರೂ ಮೊಂಡುಬಾಲನ ಮುಂದೆಯೇ ಬೀಳುತ್ತೇನೆ ಎಂದುಕೊಂಡು ಹೆಜ್ಜೆ ಹಾಕಿದ.

ಮೊಂಡುಬಾಲ ಬಹಳ ದೂರ ಹೋಗಿರಲೇ ಇಲ್ಲ. ಹಳ್ಳವನ್ನು ದಾಟಬಹುದಾದ ಜಾಗ ಒಂದೇ ಇತ್ತು. ಆ ದಾಟಿನ ಈಚೆಗೆ, ಒಂದು ಜಾಲಿ ಮರದ ಕೆಳಗೆ, ಎದುರು ದಡವನ್ನೇ ನೋಡುತ್ತ ಕೂತಿದ್ದ.

"ಇಲ್ಲೇನು ಮಾಡುತ್ತಿದ್ದೀಯ?" ಎಂದ ಕರಿಜೂಲ.

"ಬರುವವರು ಈ ದಾರಿಯಲ್ಲೇ ಬರಬೇಕಲ್ಲ," ಎಂದ ಮೊಂಡುಬಾಲ, ತಿರುಗಿ ನೋಡದೆ. ತಾನೂ ಒಂಟಿಯಾಗಿ ದನಿ ಮಾಡಿದರೆ ಇಬ್ಬರೂ ಬೇರೆಯಾದದ್ದು ಆಚೆಯವರಿಗೆ ಖಾತ್ರಿಯಾಗುತ್ತದೆಂದು ಅವನು ಬಾಯಿ ಬಿಗಿಹಿಡಿದು ಕೂತಿದ್ದನಂತೆ.

ಕರಿಜೂಲ ನೆಲಕ್ಕೆ ಬಿದ್ದು, ಅಂಗಾತವಾಗಿ, ಗದ್ದ ಎತ್ತಿ ಕುತ್ತಿಗೆ ತೋರಿಸಿದ. ಒಂದು ಗಂಡು ಸಿಂಹ ಇನ್ನೊಂದರ ಹಲ್ಲಿನ ಮುಂದೆ ಹಾಗೆ ಮಲಗುವುದೆಂದರೆ ಪ್ರಾಣವನ್ನೇ ಅದರ ಬಾಯಿಗೆ ಇಟ್ಟ ಹಾಗೆ.

"ಮುಳ್ಳುಹಂದಿಯ ಮುಳ್ಳು," ಎಂದ. "ನಾನೇ ಅದರ ಮೇಲೆ ಬಿದ್ದೆ. ಕೀವಾಗಿದೆ. ನನ್ನ ನಾಲಿಗೆಗೆ ಎಟುಕುವುದಿಲ್ಲ. ನಿನ್ನನ್ನು ಕುಂಟ ಅಂದಿದ್ದೆ, ಅದಕ್ಕೇ ಹೇಳಲು ನಾಚಿಕೆಯಾಯಿತು."

ಮೊಂಡುಬಾಲ ಜೂಲಿನೊಳಗೆ ಮೂತಿ ತೂರಿಸಿ ಮೂಸಿದ. ಆಮೇಲೆ, "ಉಸಿರು ಬಿಗಿಹಿಡಿ," ಎಂದ. ಮುಂದಿನ ಹಲ್ಲುಗಳಲ್ಲಿ ಮುಳ್ಳಿನ ಮುರಿದ ತುದಿಯನ್ನು ಕಚ್ಚಿ ಒಂದೇ ಸಲಕ್ಕೆ ಎಳೆದ. ಕೀವು, ನೆತ್ತರು ಬಳಬಳನೆ ಸುರಿಯಿತು, ಕೂದಲೂ ಒಂದು ಹಿಡಿ ಕಿತ್ತುಬಂತು. ಮೊಂಡುಬಾಲ ಅಸಹ್ಯಪಡದೆ ನೆಕ್ಕಿ ನೆಕ್ಕಿ ಶುಚಿಮಾಡಿದ. ಕರಿಜೂಲನಿಗೆ ಅಳು ಬಂತು. ನೋವಿನ ಅಳು ಎಂದು ಅವನು ಹೇಳಿಕೊಂಡ, ನಾವೂ ಹಾಗೇ ಅಂದುಕೊಳ್ಳೋಣ.

ಅಷ್ಟರಲ್ಲಿ ಎದುರು ದಡದ ಹುಲ್ಲು ಅಲುಗಿತು. ಮೂವರು ಅಣ್ಣತಮ್ಮಂದಿರು ಹೊರಗೆ ಬಂದರು. ಒಬ್ಬೊಬ್ಬನೂ ಚೆನ್ನಾಗಿ ತಿಂದು ಕೊಬ್ಬಿದವನು, ಮೈಮೇಲೆ ಒಂದು ಗೀರೂ ಇರಲಿಲ್ಲ. ಹಿರಿಯವನು ಕಾಲನ್ನು ನೀರಿಗಿಟ್ಟ.

"ಗರ್ಜಿಸುತ್ತೀಯಾ?" ಎಂದು ಮೊಂಡುಬಾಲ ಮೆಲ್ಲಗೆ ಕೇಳಿದ. "ನೋಯುತ್ತದೆ."

"ನೋಯಲಿ," ಎಂದ ಕರಿಜೂಲ.

ಎದ್ದು ನಿಂತ. ಮೊಂಡುಬಾಲ ಬಂದು ಗಾಯವಿದ್ದ ಮಗ್ಗುಲಿಗೆ ಒತ್ತಿ ನಿಂತ. ಕರಿಜೂಲ ಬಾಯಿ ತೆರೆದ. ಕುತ್ತಿಗೆ ಬಿರಿದಂತಾಯಿತು, ಆದರೂ ದನಿಯನ್ನು ಬಿಡಲಿಲ್ಲ, ಹೊಟ್ಟೆಯಾಳದಿಂದ ಎಳೆದು ತಂದ. ಉಸಿರು ಮುಗಿಯಿತು. ಮುಗಿದಲ್ಲೇ ಮೊಂಡುಬಾಲ ಎತ್ತಿಕೊಂಡ. ಅವನು ಬಿಟ್ಟಲ್ಲಿ ಮತ್ತೆ ಕರಿಜೂಲ. ಸಂದೇ ಇಲ್ಲ. ಕೆಂಚಕ್ಕನೂ ಉಳಿದ ಹೆಣ್ಣುಗಳೂ ಹಿಂದೆ ಗುಡ್ಡದ ಬುಡದಿಂದ ದನಿಗೂಡಿಸಿದರು. ಗರ್ಜಿಸುತ್ತಲೇ ಇಬ್ಬರೂ ನೀರಿನತ್ತ ನಡೆದರು, ಒಬ್ಬ ಕುಂಟುತ್ತ, ಇನ್ನೊಬ್ಬ ನೆತ್ತರು ಸುರಿಸುತ್ತ.

ಹಿರಿಯವನು ಕರಿಜೂಲನ ಗಾಯವನ್ನು ಸ್ಪಷ್ಟವಾಗಿಯೇ ನೋಡಿದ. ಇಷ್ಟಾಗಿದ್ದರೂ ನಿಲ್ಲದೆ ಬರುತ್ತಿದ್ದಾನಲ್ಲ, ಇವನನ್ನು ನಿಲ್ಲಿಸುವುದು ಹೇಗೆ ಎಂದು ಅವನಿಗೆ ದಿಗಿಲಾಯಿತು. ಕೆಮ್ಮುವ ಒಂಟಿ ಸಿಂಹವೊಂದನ್ನು ಓಡಿಸಿ ಬರೋಣವೆಂದು ಹೊರಟವರು ಅವರು. ಕಣ್ಣು ಕಾಲು ಕಳೆದುಕೊಳ್ಳಲು ತಯಾರಾಗಿ ಬಂದಿರಲಿಲ್ಲ. ಕಿರಿಯವನು ಮೊದಲು ತಿರುಗಿದ. ಅವನನ್ನು ನೋಡಿ ನಡುವಿನವನು. ಹಿರಿಯವನು ಒಂದೆರಡು ಸಲ ಗುರುಗುಟ್ಟಿ, ಬಾಲ ಮಡಚಿಕೊಂಡು ತಮ್ಮಂದಿರ ಹಿಂದೆ ಹೊರಟ. ಹುಲ್ಲು ಅಲುಗುವುದು ನಿಲ್ಲುವವರೆಗೆ ಕರಿಜೂಲ ನಿಂತೇ ಇದ್ದ, ಆಮೇಲೆ ಮೊಂಡುಬಾಲನಿಗೆ ಒರಗಿ ಕುಸಿದು ಕೂತ.

ಗಾಯ ಮಾಗಲು ಮಳೆಗಾಲ ಬರಬೇಕಾಯಿತು. ಬೇಟೆಯಲ್ಲಿ ಮೂಳೆಯಿಲ್ಲದ ಮೆತ್ತಗಿನ ಮಾಂಸವನ್ನು ಮೊಂಡುಬಾಲ ಅವನಿಗೇ ಬಿಡುತ್ತಿದ್ದ, ಹಾಗೆ ಮೈ ಮತ್ತೆ ತುಂಬಿಕೊಂಡಿತು. ಕೂದಲು ಕಿತ್ತ ಜಾಗದಲ್ಲಿ ಮಾತ್ರ ಜೂಲು ಬೆಳೆಯಲೇ ಇಲ್ಲ. ಆ ದೊಡ್ಡ ಕಪ್ಪು ಜೂಲಿನ ನಡುವೆ ಅಂಗೈಯಗಲ ಬೋಳು.

ಒಂದು ಸಂಜೆ ಬಂಡೆಯ ಮೇಲೆ ಮರಿಗಳು ಸುತ್ತ ಮುತ್ತಿಕೊಂಡು ಅದೇನೆಂದು ಕೇಳಿದವು. ಹೆಣ್ಣು ಸಿಂಹಗಳೆಲ್ಲ ಅಲ್ಲೇ ಇದ್ದವು. ಮೊಂಡುಬಾಲ ಬೇಕೆಂದೇ ಆಕಾಶ ನೋಡುತ್ತ ಸುಮ್ಮನಿದ್ದ, ನಗುವ ಹಕ್ಕಿದ್ದರೂ ಒಂದು ಮಾತಾಡಲಿಲ್ಲ.

ಕರಿಜೂಲ ಗದ್ದವೆತ್ತಿ ಬೋಳನ್ನು ಎಲ್ಲರಿಗೂ ಚೆನ್ನಾಗಿ ಕಾಣುವಂತೆ ತೋರಿಸಿದ.

"ಒಂದು ಮುಳ್ಳುಹಂದಿ ನನ್ನನ್ನು ಸೋಲಿಸಿತು," ಎಂದ. "ಈ ಕುಂಟಪ್ಪನವರು ಬದುಕಿಸಿದರು."

ಮೊಂಡುಬಾಲನಿಗೆ ತಡೆಯಲಾಗದೆ ನಗು ಉಕ್ಕಿತು. ಅವತ್ತು ಗರ್ಜನೆ ಶುರುವಾದದ್ದು ಸ್ವಲ್ಪ ತಡವಾಗಿಯೇ.

ನೀತಿ: ಜೊತೆಗಾರನ ನೋವನ್ನು ಆಡಿಕೊಂಡು ನಗುವವನಿಗೆ ತನ್ನ ನೋವನ್ನು ಹೇಳಿಕೊಳ್ಳಲು ಬಾಯಿ ಬರುವುದಿಲ್ಲ, ತನ್ನ ನಾಲಿಗೆಗೆ ಎಟುಕದ ಗಾಯವನ್ನು ನಾಚದೆ ಜೊತೆಗಾರನಿಗೆ ತೋರಿಸಬೇಕು.