ಉಕ್ಕಿನ ತೋಟಾದ ಎರಡನೆಯ ಸರದಿ

ಚಂಗಪ್ಪನವರು ಗುರಿ ಅಭ್ಯಾಸದಲ್ಲಿ ಸಿಡಿಸಿದ ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬುತ್ತಿದ್ದರು. ಎಂದಿನ ಹಿತ್ತಾಳೆಯ ತೋಟಾಗಳ ನಡುವೆ ಈ ಸಲ ಉಕ್ಕಿನದೊಂದು ಸೇರಿತ್ತು. ಇನ್ನೊಮ್ಮೆ ಕೋವಿ ಸೇರಬೇಕೆಂಬುದೇ ಅದರ ಆಸೆ.

"ಹಿತ್ತಾಳೆಯಜ್ಜಿ, ನೀವು ಎಷ್ಟೋ ಸಲ ಹೋಗಿ ಬಂದಿದ್ದೀರಿ. ನಾನು ನಿಮಗಿಂತ ಗಟ್ಟಿ. ನನಗೇನು ಭಯ?" ಎಂದು ಉಕ್ಕು ಪಕ್ಕದಲ್ಲಿದ್ದ ಹಳೆಯ ಹಿತ್ತಾಳೆಯ ತೋಟಾವನ್ನು ಕೇಳಿತು.

"ಗಟ್ಟಿತನವೇ ನಿನ್ನ ತೊಂದರೆ, ಮಗಾ. ಸಿಡಿದಾಗ ಬೆಂಕಿಗೆ ಇಬ್ಬರೂ ಹಿಗ್ಗುತ್ತೇವೆ. ಮದ್ದು ತುಂಬುವ ಮುನ್ನ ಅಚ್ಚಿನಲ್ಲಿ ಒತ್ತಿದರೆ ಮೆತ್ತಗಿರುವ ನಾನು ಕುಗ್ಗಿ ಹಳೆಯ ಅಳತೆಗೆ ಬರುತ್ತೇನೆ. ನೀನು ಅಚ್ಚನ್ನೂ ಗೀರುತ್ತೀಯ, ನೀನೂ ಸೀಳಿಹೋಗುತ್ತೀಯ."

"ನಿಮಗೆ ಹೊಟ್ಟೆಕಿಚ್ಚು, ಅಜ್ಜಿ!" ಎಂದು ನಗುತ್ತಾ ಉಕ್ಕು ಅಚ್ಚಿನೊಳಗೆ ನುಗ್ಗಿತು.

ಹೊರಬಂದಾಗ ಅದರ ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅದನ್ನು ಕಾಣದ ಚಂಗಪ್ಪನವರು ಮದ್ದು ಅಳೆಯತೊಡಗಿದರು. ಸುಮ್ಮನಿದ್ದರೆ ಆಸೆ ಈಡೇರುತ್ತಿತ್ತು. ಆದರೆ ಗುರಿಯಿಡುವಾಗ ಅವರು ಕೆನ್ನೆಯನ್ನು ಕೋವಿಗೆ ಒತ್ತಿ ಹಿಡಿಯುವುದು ಉಕ್ಕಿಗೆ ನೆನಪಾಯಿತು. ಬಿರುಕಿನಿಂದ ಬಿಸಿಹೊಗೆ ಹಿಂದಕ್ಕೆ ನುಗ್ಗಿದರೆ ಸುಡುವುದು ಆ ಕೆನ್ನೆಯೇ. ಉಕ್ಕು ಮೆಲ್ಲನೆ ಹೊರಳಿ ಬಿರುಕನ್ನು ಬೆಳಕಿಗೆ ಒಡ್ಡಿತು.

"ಅಬ್ಬಾ, ಸದ್ಯ ಕಾಣಿಸಿತು!" ಎಂದು ಚಂಗಪ್ಪನವರು ಅದನ್ನು ಗುಜರಿ ಡಬ್ಬಿಗೆ ಹಾಕಿದರು.

ಮದ್ದು ತುಂಬಿಸಿಕೊಂಡು ಹೊರಟ ಅಜ್ಜಿಯನ್ನು ಉಕ್ಕು ಡಬ್ಬಿಯೊಳಗಿನಿಂದಲೇ ಕೂಗಿ ಹೇಳಿತು: "ಹೋಗಿ ಬನ್ನಿ ಅಜ್ಜಿ. ಅವರನ್ನು ಜೋಪಾನವಾಗಿ ನೋಡಿಕೊಳ್ಳಿ."