ಸೂರ್ಯಕಾಂತಿಯ ಎಸಳು

ಹೊಳೆಯ ದಂಡೆಯಲ್ಲಿ ಒಂದು ಮಠ. ಸುತ್ತ ಸೂರ್ಯಕಾಂತಿಯ ಹೊಲ. ಮಠದ ಗುರುಗಳನ್ನು ಜನ ಅಜ್ಜಾರು ಎನ್ನುತ್ತಿದ್ದರು. ಹಾಗೆನ್ನುವಾಗ ಕೈಗಳು ತಾವಾಗಿ ಮುಗಿಯುತ್ತಿದ್ದವು.

ಉಪದೇಶ ಕೊಡುವ ದಿನ ಬಂತು. ಅಜ್ಜಾರು ಶಿಷ್ಯ ನಿಜಗುಣನ ಕೈಗೆ ಒಂದು ತಂಬಿಗೆ ಕೊಟ್ಟರು.

"ಬಾಗಿಲಾಗ ಕುಂದರು. ಬಂದವರಿಗೆ ನೀರು ಕೊಡು."

ನಿಜಗುಣ ಕುಳಿತ. ಶಿವನ ಮುಂದೆ ನಂದಿ ಕುಳಿತ ಹಾಗೆ, ಗುರುವಿನ ಬಾಗಿಲಿಗೆ ತಾನು ಎಂದು ಅವನ ಮನಸ್ಸು ಹಿಗ್ಗಿತು.

ಜನ ಬರತೊಡಗಿದರು. ಒಬ್ಬ ಹಾಡುತ್ತ ಹಾಡುತ್ತ ಗದ್ಗದನಾದ. ಒಬ್ಬಾಕೆ ಹೊಸ್ತಿಲಿಗೆ ಹಣೆ ಹಚ್ಚಿ ಅತ್ತಳು. ನಿಜಗುಣ ಅವರಿಗೆ ನೀರು ಕೊಟ್ಟ, ಒಳಗೆ ಬಿಟ್ಟ.

ಆಮೇಲೆ ಹೊಳೆಯಾಚೆಯಿಂದ ದ್ಯಾಮವ್ವ ಬಂದಳು. ಕೈಯಲ್ಲಿ ತನ್ನ ಹೊಲದ ಒಂದು ಸೂರ್ಯಕಾಂತಿ. ಹಾಡಲಿಲ್ಲ, ಅಳಲಿಲ್ಲ. ಅಕ್ಷರ ಒರೆಸಿಟ್ಟ ಪಾಟಿಯ ಹಾಗೆ ಮುಖ. ಜಗಲಿಯಲ್ಲಿ ಸುಮ್ಮನೆ ಕುಳಿತಳು.

ನಿಜಗುಣ ಅವಳನ್ನು ನೋಡಿದ. ಮತ್ತೆ ನೋಡಿದ.

"ಯಾಕ ಬಂದೀಯವ್ವಾ?"

"ಉಪದೇಶಕ್ಕರೀ."

"ಮಂತ್ರ, ಹಾಡು ಏನಾರ ಬರತೈತಿ?"

"ಇಲ್ಲರೀ."

"ದೇವರ ಹೆಸರು ಕೇಳಿದ್ರ ಒಳಗ ಏನಾರ ಆಗತೈತಿ?"

ದ್ಯಾಮವ್ವ ಯೋಚಿಸಿದಳು. "ಹೇಳಾಕ ಬರಂಗಿಲ್ಲರೀ."

"ಹಂಗಾರ ಈಗ ಬ್ಯಾಡ. ಭಕ್ತಿ ಹುಟ್ಟಿದ ಮ್ಯಾಲೆ ಬಾ."

ಅವಳು ಹೂವನ್ನು ಜಗಲಿಯ ಮೇಲಿಟ್ಟು, ಸೆರಗು ಸರಿಮಾಡಿಕೊಂಡು ದೋಣಿಯ ಕಡೆ ನಡೆದಳು.

ಅಜ್ಜಾರು ಹೊರಗೆ ಬಂದರು. "ಈ ಹೂವು ಯಾರದಪಾ?"

"ದ್ಯಾಮವ್ವ ಅಂತ ಬಂದಿದ್ಲು, ಅಜ್ಜಾರ. ವಾಪಸ್ ಕಳಿಸೀನಿ. ಮಾರಿ ಮ್ಯಾಲೆ ಒಂದು ಗೆರಿ ಭಕ್ತಿ ಇರಲಿಲ್ಲ."

ಅಜ್ಜಾರು ಬೈಯಲಿಲ್ಲ. ಹೊಳೆಯ ಕಡೆ ಒಮ್ಮೆ ನೋಡಿದರು. "ದೋಣಿ ಇನ್ನೂ ತುಂಬಿಲ್ಲ" ಎಂದರು. ಕುಳಿತು, ಹೂವಿನಿಂದ ಒಂದು ಎಸಳು ಕಿತ್ತು ಅವನ ಅಂಗೈಯಲ್ಲಿಟ್ಟರು.

"ಇದರ ಮ್ಯಾಲೆ ಏನೈತಿ?"

"ಏನೂ ಇಲ್ಲರೀ. ಬುಡದಿಂದ ತುದಿತನಕ ಬರೇ ಹಳದಿ."

"ಛಲೋತ್ನಂಗ ನೋಡು."

ನಿಜಗುಣ ಬಿಸಿಲಿಗೆ ಹಿಡಿದು ನೋಡಿದ. "ಖಾಲಿ ಐತ್ರೀ."

ಅಜ್ಜಾರು ಉಳಿದ ಎಸಳುಗಳನ್ನೂ ಬಿಡಿಸಿದರು. ಅಂಗಳದ ಕಲ್ಲಿನ ಮೇಲೆ ಎರಡು ಹೂ ಮಾಡಿದರು. ಒಂದರಲ್ಲಿ ಎಸಳಿನ ಬುಡ ಒಳಗೆ, ತುದಿ ಹೊರಗೆ, ಗಿಡದಲ್ಲಿ ಇರುವ ಹಾಗೆಯೇ. ಇನ್ನೊಂದರಲ್ಲಿ ತಿರುವುಮುರುವು: ತುದಿ ಒಳಗೆ, ಬುಡ ಹೊರಗೆ.

ಹೊಲದ ಜೇನುಹುಳುಗಳು ಬಂದವು.

ಮೊದಲ ಹೂವಿನ ಎಸಳಿನ ಮೇಲೆ ಒಂದು ಕುಳಿತಿತು. ನೆಟ್ಟಗೆ ಒಳಕ್ಕೆ ನಡೆಯಿತು, ನಡುವಿಗೆ ನಾಲಿಗೆ ಚಾಚಿತು.

ಎರಡನೆಯ ಹೂವಿನ ಮೇಲೆ ಇನ್ನೊಂದು ಕುಳಿತಿತು. ಅದು ನಡುವಿಗೆ ಬೆನ್ನು ಹಾಕಿತು. ಹೊರ ಅಂಚಿಗೆ ನಡೆದು, ಬರಿಗಲ್ಲಿಗೆ ನಾಲಿಗೆ ಚಾಚಿತು.

ಮತ್ತೊಂದು ಬಂತು. ಅದೂ ಹಾಗೇ ಮಾಡಿತು.

ನಿಜಗುಣ ನಕ್ಕ. "ಕುರುಡು ಏನ್ರೀ ಇವು? ನಡುವ ಯಾವುದು ಅಂತ ತಿಳಿಯಂಗಿಲ್ಲ?"

"ಕುರುಡು ಅವಲ್ಲೋ."

ನಗು ಅಲ್ಲೇ ನಿಂತಿತು.

"ಎಸಳಿನ ಬುಡಕ್ಕ ಗುರುತು ಐತಿ. ಜೇನು ಕುಡಿಯೂ ದಾರಿ ಇದು ಅಂತ. ನಾ ಬುಡ ಹೊರಗ ತಿರುವಿದೆ, ಅವು ಗುರುತು ಓದಿ ಹೊರಗ ಹೋದವು."

"ನನಗ ಕಾಣವಲ್ದು!"

"ಬಿಸಿಲಿನ್ಯಾಗ ನೇರಳೆ ಬಣ್ಣದ ಆಚಿಗೂ ಒಂದು ಬೆಳಕು ಐತಿ. ಕಲಿತವರು ನೇರಳಾತೀತ ಅಂತಾರ. ಜೇನಿನ ಕಣ್ಣಿಗೆ ಅದು ಕಾಣತೈತಿ. ಆ ಬೆಳಕಿನ್ಯಾಗ ಎಸಳಿನ ತುದಿ ಹೊಳೀತೈತಿ, ಬುಡ ಕಪ್ಪಗಿರತೈತಿ. ನಮ್ಮ ಕಣ್ಣಿಗೆ ಎರಡೂ ಹಳದಿ."

ನಿಜಗುಣ ಹುಟ್ಟಿದಾಗಿನಿಂದ ಈ ಹೂವಿನ ನಡುವೆಯೇ ಓಡಾಡಿದ್ದ. ಪೂಜೆಗೆ ಕಿತ್ತಿದ್ದ, ಬಾಡಿದ್ದನ್ನು ತಿಪ್ಪೆಗೆ ಎಸೆದಿದ್ದ. ಅಂಗೈಯಲ್ಲಿನ ಎಸಳನ್ನು ಮತ್ತೊಮ್ಮೆ ನೋಡಿದ.

ಖಾಲಿ ಎಂದಿದ್ದ. ಒಂದು ಗೆರೆಯೂ ಇಲ್ಲ ಎಂದಿದ್ದ.

ತಲೆಯೆತ್ತಿ ಹೊಳೆಯ ಕಡೆ ನೋಡಿದ. ಅಂಬಿಗ ಹಗ್ಗ ಬಿಚ್ಚುತ್ತಿದ್ದ.

ನಿಜಗುಣ ಓಡಿದ. ಪಂಚೆ ಮುಳ್ಳಿಗೆ ಸಿಕ್ಕಿ ಹರಿಯಿತು, ನಿಲ್ಲಲಿಲ್ಲ. ಮೊಳಕಾಲುದ್ದ ನೀರಿಗಿಳಿದು ದೋಣಿಯ ಅಂಚು ಹಿಡಿದ.

"ಯವ್ವಾ, ತಪ್ಪಾತು. ಇಳಿದು ಬಾ. ಅಜ್ಜಾರು ಅದಾರ, ಬಾಗಿಲು ತೆರದೈತಿ."

ದ್ಯಾಮವ್ವ ಅವನನ್ನೇ ನೋಡಿದಳು. ಮುಖ ಮೊದಲಿನಂತೆಯೇ ಇತ್ತು.

"ಬರತೇನ್ರೀ" ಎಂದಳು. "ಮೊದಲ ಒಂದೀಟು ನೀರು ಸಿಗತೈತೇನು? ಆಗಿಂದ ಗಂಟಲು ಒಣಗೈತಿ."

ಅವಳೊಬ್ಬಳಿಗೆ ನಿಜಗುಣ ನೀರು ಕೊಟ್ಟಿರಲಿಲ್ಲ.

ಮಠಕ್ಕೆ ಕರೆತಂದು ಜಗಲಿಯಲ್ಲಿ ಕೂರಿಸಿ, ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಕೊಟ್ಟ. ಅವಳು ಗಟಗಟ ಕುಡಿದು, ಒಳಗೆ ಹೋಗಿ ಕುಳಿತಳು.

ನಿಜಗುಣ ಗುರುವಿನ ಪಾದ ಹಿಡಿದ.

"ಅಜ್ಜಾರ, ಆಕಿ ಮಾರಿ ಮ್ಯಾಲೆ ದೇವರು ಏನು ಬರದಾನ, ನಿಮಗ ಕಾಣತೈತೇನ್ರೀ?"

ಅಜ್ಜಾರು ಬರಿದಾದ ತಂಬಿಗೆಯನ್ನು ತಾವೇ ತುಂಬಿ ಅವನ ಕೈಗಿಟ್ಟರು.

"ನನಗೂ ಕಾಣಂಗಿಲ್ಲೋ. ಅದಕ್ಕ ನಿನಗ ನೀರು ಕೊಡು ಅಂತ ಅಷ್ಟ ಹೇಳಿದ್ದೆ."